ಅಳಿದುಹೋದ ಒಕ್ಕಲುಮನೆಯ ನೆಲೆಯನ್ನು ಅಗೆಯದೆ ಅರಿಯುವ ಕ್ರಮ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಚರಿತ್ರೆ ಎಂದೊಡನೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಶೃಂಗೇರಿಗಳ ಹೆಸರು ಬರುತ್ತದೆ. ಕಲ್ಲಿನಲ್ಲಿ ಕಟ್ಟಿದ್ದು ಉಳಿಯಿತು, ಉಳಿದದ್ದರ ಸುತ್ತ ಬರಹವೂ ಬೆಳೆಯಿತು. ಆ ದೇಗುಲಗಳಿಗೆ ದತ್ತಿಯಾಗಿ ಸಂದ ಭತ್ತವನ್ನು ಬೆಳೆದವರು ವಾಸವಿದ್ದದ್ದು ಮಾತ್ರ ಮಣ್ಣಿನ ಗೋಡೆಯ, ಹುಲ್ಲಿನ ಅಥವಾ ಹೆಂಚಿನ ಸೂರಿನ ಮನೆಗಳಲ್ಲಿ. ಅವರ ಮಕ್ಕಳು ಮೊಮ್ಮಕ್ಕಳು ಕಟ್ಟಿಕೊಂಡ ತೊಟ್ಟಿಮನೆಗಳೂ ಒಂದೊಂದಾಗಿ ನೆಲಸಮವಾಗುತ್ತಿವೆ. ಇಂದು ಅವು ಕಾಫಿ ತೋಟದೊಳಗಿನ ಒಂದು ಸಣ್ಣ ದಿಬ್ಬವಾಗಿಯೋ, ಹಡ್ಲು ಬಿದ್ದ ಗದ್ದೆಯ ಮೇಲ್ಬದಿಯ ಒಂಟಿ ಹಲಸಿನ ಮರವಾಗಿಯೋ, ಲಂಟಾನದ ಮೆಳೆಯಲ್ಲಿ ಸಿಕ್ಕಿಕೊಂಡ ಒರಳುಕಲ್ಲಾಗಿಯೋ ಕಾಣಸಿಗುತ್ತವೆ.

ಇಂಥ ನೆಲೆಯಲ್ಲಿ ಯಾವ ಬಗೆಯ ಮನೆಯಿತ್ತು, ಯಾವ ಕಾಲದಲ್ಲಿತ್ತು, ಜನ ಏಕೆ ಬಿಟ್ಟುಹೋದರು, ಮಣ್ಣಿನಡಿ ಇನ್ನೂ ಏನು ಉಳಿದಿರಬಹುದು ಎಂಬುದನ್ನು ಒಂದು ಗುದ್ದಲಿಯೇಟನ್ನೂ ಹಾಕದೆ ಬಹುಮಟ್ಟಿಗೆ ತಿಳಿಯಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಿದೆ. ಇಡೀ ಕೆಲಸಕ್ಕೆ ಆಧಾರವಾದ ಮಾತು ಒಂದೇ: ಸಿಕ್ಕಿದ ವಸ್ತುವಿಗಿಂತ ಅದು ಸಿಕ್ಕಿದ ಜಾಗ ಹೆಚ್ಚು ಬೆಲೆಯುಳ್ಳದ್ದು. ನೆಲದಲ್ಲಿ ಹೂತು ನಿಂತ ಒರಳು ಅಡುಗೆಮನೆಯ ಜಾಗವನ್ನು ಹೇಳುತ್ತದೆ. ಅದೇ ಒರಳನ್ನು ಕಿತ್ತು ಹೊಸ ಬಂಗಲೆಯ ಅಂಗಳಕ್ಕೆ ಸಾಗಿಸಿದರೆ ಅದು ಬರಿಯ ಕಲ್ಲು.

ನೆಲಕ್ಕೆ ಹೋಗುವ ಮೊದಲು ಕಾಗದ

ಮೊದಲು ಸರ್ವೆ ನಂಬರನ್ನು ಗೊತ್ತುಮಾಡಿಕೊಳ್ಳಬೇಕು. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು ತಿಳಿಯುತ್ತದೆ. ಬಳಿಕ ಆ ಗ್ರಾಮದ ನಕಾಶೆ, ಆಕಾರ್‌ಬಂದ್ (ಜಮೀನುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ಮತ್ತು ಟಿಪ್ಪಣಿಯ (ಅಳತೆಯ ಕೈನಕ್ಷೆ) ನಕಲುಗಳನ್ನು ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಕಂದಾಯ ಮೋಜಣಿ (ಸರ್ವೆ) ಆರಂಭವಾದದ್ದು 1863ರಲ್ಲಿ. ಆ ಮೋಜಣಿಯಿಂದ ಬಂದ ನಕಾಶೆಗಳಲ್ಲಿ ಕಾಲುದಾರಿ, ಹಳ್ಳ, ಕೆರೆ, ಗ್ರಾಮಠಾಣಗಳ (ಊರಿನ ಮನೆಗಳಿದ್ದ ಜಾಗ) ಗುರುತುಗಳಿರುತ್ತವೆ, ಎಷ್ಟೋ ಕಡೆ ಬಾವಿಗಳ ಗುರುತೂ ಇರುತ್ತದೆ. ಇಂದು ಯಾವ ಮನೆಯೂ ಇಲ್ಲದ ಕಡೆಗೆ ಎರಡು ಮೂರು ಕಾಲುದಾರಿಗಳು ಬಂದು ಕೂಡುತ್ತಿದ್ದರೆ ಅದನ್ನು ಗಮನಿಸಬೇಕು. ಗ್ರಾಮಪಟ್ಟಿಯಲ್ಲಿ 'ಬೇಚರಾಕ್' ಎಂದು ನಮೂದಾಗಿದ್ದರೆ ಆ ಇಡೀ ಗ್ರಾಮವೇ ಜನವಸತಿಯಿಲ್ಲದ್ದು ಎಂದರ್ಥ.

ಪಹಣಿಯ ಖರಾಬಿನ ಅಂಕಣವನ್ನು ಹೆಚ್ಚಿನವರು ಓದದೆ ಬಿಡುತ್ತಾರೆ. ಈ ಕೆಲಸಕ್ಕೆ ಅದರಷ್ಟು ಉಪಯುಕ್ತವಾದ ಅಂಕಣ ಮತ್ತೊಂದಿಲ್ಲ. ಸಾಗುವಳಿಗೆ ಬಾರದ ಜಮೀನನ್ನು ಕಂದಾಯ ನಿಯಮಗಳು 'ಅ' ಮತ್ತು 'ಬ' ಎಂದು ಎರಡಾಗಿ ವಿಂಗಡಿಸುತ್ತವೆ. ರಸ್ತೆ, ಹಳ್ಳ, ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಜಾಗಗಳು 'ಬ' ಖರಾಬಿಗೆ ಸೇರುತ್ತವೆ. ಹಿಡುವಳಿದಾರನ ಬೇಸಾಯದ ಕಟ್ಟಡಗಳು ಮತ್ತು ಒಕ್ಕಣೆಯ ಕಣ 'ಅ' ಖರಾಬಿಗೆ ಸೇರುತ್ತವೆ. ಹೀಗಾಗಿ ಬಂಡೆಯಾಗಲಿ ಜೌಗಾಗಲಿ ಇಲ್ಲದ ಒಳ್ಳೆಯ ಜಮೀನಿನ ನಡುವೆ ಕೆಲವು ಗುಂಟೆಗಳು 'ಅ' ಖರಾಬೆಂದು ದಾಖಲಾಗಿದ್ದರೆ, ಮೋಜಣಿಯ ಕಾಲದಲ್ಲಿ ಅಲ್ಲಿ ಕೊಟ್ಟಿಗೆಯೋ ಕಣವೋ ಮನೆಯೋ ಇದ್ದಿರಬಹುದೆಂದು ಊಹಿಸಲು ಗಟ್ಟಿಯಾದ ಆಧಾರ ಸಿಕ್ಕಂತಾಗುತ್ತದೆ.

ಉಪನೋಂದಣಿ ಕಚೇರಿಯಲ್ಲಿ ಹಳೆಯ ಕ್ರಯಪತ್ರ ಮತ್ತು ಪಾಲುಪತ್ರಗಳ ನಕಲು ದೊರೆಯುತ್ತದೆ. ಅವುಗಳ ಚಕ್ಕುಬಂದಿಯನ್ನು ನಿಧಾನವಾಗಿ ಓದಬೇಕು. ಪೂರ್ವಕ್ಕೆ ಇಂಥವರ ಹಿತ್ತಲು, ಪಶ್ಚಿಮಕ್ಕೆ ಕಲ್ಲುಬಾವಿ, ಉತ್ತರಕ್ಕೆ ಓಣಿ ಎಂಬ ನಾಲ್ಕು ಸಾಲುಗಳಲ್ಲಿ ಇಡೀ ಮನೆವಾರ್ತೆಯ ನಕ್ಷೆ ಅಡಗಿರುತ್ತದೆ. ಪಾಲುಪತ್ರದಲ್ಲಿ ಯಾರ ಪಾಲಿಗೆ ಎಷ್ಟು ಅಂಕಣ (ಕಂಬಗಳ ನಡುವಿನ ಖಾನೆ) ಮನೆ ಬಂದಿತೆಂದು ಬರೆದಿದ್ದರೆ ಕಟ್ಟಡದ ಗಾತ್ರವೂ ತಿಳಿಯುತ್ತದೆ. ಮನೆತನದವರಲ್ಲಿ ಯಾರಾದರೂ ಶಾನುಭೋಗಿಕೆ ಅಥವಾ ಪಟೇಲಿಕೆ ಮಾಡಿದ್ದರೆ, ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳು ಅಟ್ಟದಲ್ಲಿ ಇನ್ನೂ ಇರಬಹುದು. ಅವುಗಳ ಮೇಲಿನ ಬಳಪದ ಬರಹ ಕೈ ಸವರಿದರೂ ಅಳಿಸಿಹೋಗುತ್ತದೆ. ಆದ್ದರಿಂದ ಒರೆಸದೆ, ಬಲವಂತವಾಗಿ ಬಿಡಿಸದೆ ಫೋಟೊ ತೆಗೆಯಬೇಕು.

ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಶಾಸನಗಳಿವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಶಾಸನಗಳ ಸಂಪುಟಮಾಲೆ 'ಎಪಿಗ್ರಾಫಿಯಾ ಕರ್ನಾಟಿಕ'ದ ಐದನೆಯ ಸಂಪುಟ ಹಾಸನ ಜಿಲ್ಲೆಯದು, ಆರನೆಯದು ಕಡೂರು ಜಿಲ್ಲೆಯದು. ಇಂದಿನ ಚಿಕ್ಕಮಗಳೂರು ಜಿಲ್ಲೆಯೇ ಅಂದಿನ ಕಡೂರು ಜಿಲ್ಲೆ. ಸಕಲೇಶಪುರ ಸೀಮೆಯ ಊರುಗಳನ್ನು ಹಳೆಯ ದಾಖಲೆಗಳಲ್ಲಿ ಮಂಜರಾಬಾದ್ ತಾಲ್ಲೂಕಿನ ಕೆಳಗೆ ಹುಡುಕಬೇಕು. ಶಾಸನದಲ್ಲಿ ಬರುವ ಹಳ್ಳಿಯ ಹೆಸರು ಇಂದಿನ ಗ್ರಾಮಪಟ್ಟಿಯಲ್ಲಿ ಇಲ್ಲದೆ ಒಂದು ಗದ್ದೆಯ ಅಥವಾ ಕೆರೆಯ ಹೆಸರಾಗಿ ಮಾತ್ರ ಉಳಿದಿರುವುದುಂಟು.

ಉಪಗ್ರಹ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1960ರಿಂದ 1972ರವರೆಗೆ ಅಮೆರಿಕದ ಕರೋನ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗಗೊಂಡವು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲುಗಳಿಗೆ ಅವು ಉಪಯೋಗಕ್ಕೆ ಬರುತ್ತವೆ. ಮೂಡಿಗೆರೆ, ಕೊಪ್ಪಗಳ ಮರದ ನೆರಳಿನಡಿ ಅವುಗಳಲ್ಲಿ ಕಾಣುವುದು ಬಹಳ ಕಡಿಮೆ.

ಕೇಳಬೇಕಾದವರು, ಕೇಳುವ ರೀತಿ

"ಇಲ್ಲಿ ಮೊದಲು ಏನಿತ್ತು?" ಎಂದು ಕೇಳಿದರೆ "ಏನೋ ಹಳೇ ಮನೆ ಇತ್ತಂತೆ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಅದರ ಬದಲು ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು, ಕಣ ಎಲ್ಲಿತ್ತು, ಹುಲ್ಲಿನ ಬಣವೆ ಯಾವ ಕಡೆ ಒಟ್ಟುತ್ತಿದ್ದರು, ದನ ಯಾವ ಓಣಿಯಲ್ಲಿ ಇಳಿಯುತ್ತಿತ್ತು, ಅಲ್ಲಿನ ನಾಗರಕಲ್ಲಿಗೆ ಈಗಲೂ ಹಾಲೆರೆಯಲು ಯಾರು ಬರುತ್ತಾರೆ ಎಂದು ಕೇಳಬೇಕು. ಆ ಮನೆತನದಿಂದ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ತಪ್ಪದೆ ಹುಡುಕಿ ಕೇಳಬೇಕು. ಒಲೆ, ಬಚ್ಚಲು, ಒರಳು, ಹಿತ್ತಲುಗಳ ಜಾಗವನ್ನು ಅವರಷ್ಟು ನಿಖರವಾಗಿ ತೋರಿಸಬಲ್ಲವರು ಅಪರೂಪ, ಆದರೂ ಅವರನ್ನು ಕೇಳುವವರೇ ಕಡಿಮೆ. ಒಕ್ಕಲುಗಳ ವಂಶಾವಳಿಯನ್ನು ಬಾಯಿಪಾಠವಾಗಿ ಹೇಳುತ್ತ ಸುತ್ತುವ ಹೆಳವರು ಆ ಕಡೆ ಬರುವ ವಾಡಿಕೆಯಿದ್ದರೆ ಅವರ ಮಾತನ್ನೂ ದಾಖಲಿಸಿಕೊಳ್ಳಬೇಕು. ಮನೆತನ ಯಾವ ಊರಿನಿಂದ ಬಂದು ಇಲ್ಲಿ ನೆಲೆನಿಂತಿತು ಎಂಬುದು ಅವರ ಹಾಡಿಕೆಯಲ್ಲಿ ಬರುವುದುಂಟು. ಹಳೆಮನೆ ಹಿತ್ತಲು, ಹಾಳುಮನೆ ಗದ್ದೆ, ಕೊಟ್ಟಿಗೆಮಕ್ಕಿ ಮುಂತಾದ ಹೆಸರುಗಳನ್ನು ಜನ ಆಡುವಂತೆಯೇ ಬರೆದುಕೊಂಡು, ಯಾರು ಹೇಳಿದರು, ಸ್ವತಃ ಕಂಡದ್ದೋ ಕೇಳಿದ್ದೋ ಎಂಬುದನ್ನು ಪಕ್ಕದಲ್ಲಿ ನಮೂದಿಸಬೇಕು.

ನೆಲವನ್ನು ನೋಡುವುದು

ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಕಾಲಿಡಬಾರದು. ಅರಣ್ಯದೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಲೆನಾಡಿನ ಭಾಗಕ್ಕೆ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲ ಸೂಕ್ತ, ಆಗ ಕಳೆ ಒಣಗಿ ನೆಲ ಕಾಣುತ್ತದೆ. ಬಯಲುಸೀಮೆಯ ಹೊಲಗಳಲ್ಲಿ ಮುಂಗಾರಿನ ಮೊದಲ ಉಳುಮೆಯಾಗಿ ಒಂದು ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಹೋಗುವುದು ಉತ್ತಮ. ಮಳೆ ತೊಳೆದ ಮಡಕೆಚೂರು ಮಣ್ಣಿನಿಂದ ಎದ್ದು ಕಾಣುತ್ತದೆ, ಬೆಳಗಿನ ಓರೆ ಬಿಸಿಲಿನಲ್ಲಿ ಗೇಣುದ್ದದ ಏರುತಗ್ಗೂ ನೆರಳು ಚೆಲ್ಲುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಆನೆಗಳ ಓಡಾಟವನ್ನು ವಿಚಾರಿಸಿಕೊಂಡೇ ಹೊರಡಬೇಕು. ಮೆಳೆ ಮುಚ್ಚಿದ ಹಾಳುಬಾವಿ ಇದಕ್ಕಿಂತ ಅಪಾಯಕಾರಿ. ಕೋಲಿನಿಂದ ತಡವದೆ ಲಂಟಾನದೊಳಗೆ ಹೆಜ್ಜೆಯಿಡಬಾರದು, ಒಬ್ಬರೇ ಹೋಗಲೂಬಾರದು.

ಮೊದಲು ಮರಗಳನ್ನು ನೋಡಬೇಕು. ಹಲಸು, ಮಾವು, ಹುಣಸೆ ಕಾಡಿನಂಚಿನಲ್ಲೂ ಬೆಳೆಯುವುದರಿಂದ ಒಂದು ಮರದಿಂದ ಏನನ್ನೂ ತೀರ್ಮಾನಿಸಲಾಗದು. ಆದರೆ ಹಲಸಿನ ಜೊತೆಗೆ ಕಣಗಿಲೆ, ನಂದಿಬಟ್ಟಲು, ದಾಸವಾಳಗಳು, ಸಾಲಾಗಿ ನಿಂತ ಹಾಲವಾಣ, ಬೇಲಿಯ ಕತ್ತಾಳೆ ಇವೆಲ್ಲ ಒಂದೇ ಕಡೆ ಸೇರಿದ್ದರೆ ಅಲ್ಲಿ ಹಿತ್ತಲು ಇತ್ತೆಂದು ತಿಳಿಯಬಹುದು. ಅನಂತರ ದಿಬ್ಬಗಳು. ಮಣ್ಣಿನ ಗೋಡೆ ಸೂರು ಕಳೆದುಕೊಂಡ ಮೇಲೆ ಕೆಲವೇ ಮಳೆಗಾಲಗಳಲ್ಲಿ ಕರಗಿ ತನ್ನ ಬುಡದ ಮೇಲೆಯೇ ಕುಸಿಯುತ್ತದೆ. ಆದ್ದರಿಂದ ಮನೆಯಿದ್ದ ಜಾಗ ಸುತ್ತ ಏರಾಗಿ ನಡುವೆ ತಗ್ಗಾದ ಆಯಾಕಾರದ ದಿಬ್ಬವಾಗುತ್ತದೆ. ನಡುವಿನ ತಗ್ಗು ಚೌಕಾಕಾರವಾಗಿದ್ದು ಅದರ ಅಂಚಿನಲ್ಲಿ ಕಲ್ಲಿನ ಕಟ್ಟು ಕಂಡರೆ ಅದು ತೊಟ್ಟಿ, ಎಂದರೆ ಮನೆಯ ನಡುವಿನ ತೆರೆದ ಅಂಗಳ ಇರಬಹುದು. ತೊಟ್ಟಿಯ ನೀರು ಹೊರಹೋಗುತ್ತಿದ್ದ ಕಲ್ಲಿನ ತೂಬನ್ನು ಹುಡುಕಿದರೆ ಸಂದೇಹ ಪರಿಹಾರವಾಗುತ್ತದೆ. ಕಂಬದ ಅಡಿಗಲ್ಲುಗಳು ಅಲುಗದೆ ಇದ್ದರೆ ಅವುಗಳ ನಡುವಿನ ಅಂತರವನ್ನು ಅಳೆಯಬೇಕು. ಅದೇ ಆ ಮನೆಯ ಅಂಕಣದ ಅಳತೆ, ಪಾಲುಪತ್ರದೊಂದಿಗೆ ಹೋಲಿಸಲು ಬೇಕಾಗುತ್ತದೆ. ಒಂದೇ ಅಳತೆಯ ಸಣ್ಣ ಕೋಣೆಗಳು ಒಂದೇ ಗೆರೆಯಲ್ಲಿ ಸಾಲಾಗಿದ್ದರೆ ಅದು ಒಕ್ಕಲುಮನೆಯಾಗಿರದೆ ಕಾಫಿ ತೋಟದ ಕೂಲಿ ಲೈನು ಆಗಿರುವುದೇ ಹೆಚ್ಚು. ಅದಕ್ಕೂ ಅದರದೇ ಚರಿತ್ರೆಯಿದೆ, ಅದನ್ನೂ ಇಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು.

ಮನೆಯಷ್ಟೇ ಅದರ ಸುತ್ತಲಿನದೂ ಮುಖ್ಯ. ಗಟ್ಟಿಯಾಗಿ ಸಮತಟ್ಟಾಗಿರುವ, ನಡುವೆ ಮೇಟಿಯ (ಒಕ್ಕುವಾಗ ದನ ಕಟ್ಟುವ ಕಂಬ) ಕುಳಿಯಿರಬಹುದಾದ ಜಾಗ ಕಣ. ಬೂದಿಬಣ್ಣದ ಮೃದುವಾದ ಮಣ್ಣಿರುವ, ಸುತ್ತಲಿನ ಗಿಡಕ್ಕಿಂತ ಹಸಿರಾಗಿ ಬೆಳೆಯುವ ಜಾಗ ತಿಪ್ಪೆ ಇದ್ದದ್ದೋ ಕೊಟ್ಟಿಗೆ ಇದ್ದದ್ದೋ ಆಗಿರಬಹುದು. ಬಯಲುಸೀಮೆಯಲ್ಲಿ ದುಂಡಗೆ ಕುಸಿದ ಬಾಯಿಯ ಕುಳಿ ಕಂಡರೆ ಅದು ರಾಗಿಯ ಹಗೇವು, ಎಂದರೆ ನೆಲದಡಿಯ ಕಣಜ ಇರಬಹುದು. ಅದರೊಳಕ್ಕೆ ಇಳಿಯಬಾರದು, ಮುಚ್ಚಿದ ಹಗೇವಿನ ಕೆಟ್ಟಗಾಳಿ ಪ್ರಾಣಕ್ಕೇ ಎರವಾಗಬಲ್ಲದು. ಹತ್ತಿರದ ವೀರಗಲ್ಲು, ಮಾಸ್ತಿಕಲ್ಲು, ಕರುಗಲ್ಲು, ಲಿಂಗಮುದ್ರೆಯ ಗಡಿಕಲ್ಲುಗಳನ್ನು ಗುರುತಿಸಬೇಕು. ಆದರೆ ಹೊಯ್ಸಳರ ಕಾಲದ ವೀರಗಲ್ಲು ಪಕ್ಕದಲ್ಲಿದ್ದ ಮಾತ್ರಕ್ಕೆ ಮನೆಯೂ ಆ ಕಾಲದ್ದೆಂದು ಹೇಳಲು ಬರುವುದಿಲ್ಲ.

ಗಿಡನೆಡುವ ಗುಂಡಿಗಳೂ ಮಳೆನೀರು ಇಂಗಲು ತೋಡುವ ತೊಟ್ಟಿಲುಗುಂಡಿಗಳೂ ತೋಟದಲ್ಲಿ ನಮಗೆ ಸಿಗುವ ಒಳ್ಳೆಯ ಅವಕಾಶ. ಬೇರೆಯವರು ತಮ್ಮ ಕೆಲಸಕ್ಕಾಗಿ ಈಗಾಗಲೇ ತೆಗೆದ ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುತ್ತವೆ: ಮೇಲೆ ಎಲೆಗೊಬ್ಬರದ ಕಪ್ಪು, ಅದರಡಿ ಕುಸಿದ ಗೋಡೆಯ ಕೆಂಪು, ಅದರಡಿ ಸಾರಿಸಿದ ನೆಲದ ತೆಳುವಾದ ಗಟ್ಟಿ ಪದರ, ಕೆಲವೆಡೆ ಇದ್ದಿಲಿನ ಗೆರೆ. ಗುಂಡಿಯ ಗೋಡೆಯನ್ನು ಕೆರೆಯದೆ, ಅಳತೆಪಟ್ಟಿಯನ್ನು ನಿಲ್ಲಿಸಿ ಫೋಟೊ ತೆಗೆದು, ಪ್ರತಿ ಪದರದ ಆಳವನ್ನು ಬರೆದುಕೊಳ್ಳಬೇಕು.

ಅಳತೆಗೆ ಫೋನಿನ ಜಿಪಿಎಸ್ ಒಂದನ್ನೇ ನಂಬಬಾರದು. ಮರದ ನೆರಳಿನಲ್ಲಿ ಅದು ಹಲವು ಮೀಟರುಗಳಷ್ಟು ತಪ್ಪುತ್ತದೆ, ಒಂದು ಕೋಣೆಯ ಅಗಲವೇ ಅಷ್ಟಿರುತ್ತದೆ. ಕದಲದ ಎರಡು ಗುರುತುಗಳನ್ನು, ಉದಾಹರಣೆಗೆ ಒಂದು ಬಾಂದುಕಲ್ಲು (ಸರ್ವೆಯ ಗಡಿಕಲ್ಲು) ಮತ್ತು ಬಾವಿಯ ಕಟ್ಟೆಯನ್ನು ಆರಿಸಿಕೊಂಡು ಪ್ರತಿಯೊಂದು ಕಲ್ಲಿಗೂ ಎರಡು ಕಡೆಯಿಂದಲೂ ಟೇಪು ಹಿಡಿದರೆ, ಆಮೇಲೆ ಚೌಕಳಿ ಕಾಗದದ ಮೇಲೆ ಕೈವಾರದಿಂದ ನಿಖರವಾದ ನಕ್ಷೆ ಬರೆಯಬಹುದು. ಮಡಕೆಚೂರುಗಳಿಗಾಗಿ ಜಾಗವನ್ನು ಹಗ್ಗದಿಂದ ಸಮಚೌಕಗಳಾಗಿ ವಿಂಗಡಿಸಿ ಒಂದೊಂದರಲ್ಲೂ ಎಷ್ಟು ಚೂರು ಕಂಡವೆಂದು ಎಣಿಸಿ, ಫೋಟೊ ತೆಗೆದು, ಇದ್ದಲ್ಲೇ ಬಿಡಬೇಕು. ತಿಪ್ಪೆಗೊಬ್ಬರದ ಜೊತೆ ಒಡಕುಮಡಕೆಯೂ ಹೊಲಕ್ಕೆ ಹೋಗುತ್ತಿತ್ತು, ಆದ್ದರಿಂದ ಹೊಲದ ತುಂಬ ತೆಳ್ಳಗೆ ಚದುರಿದ ಚೂರುಗಳು ಗೊಬ್ಬರ ಹಾಕಿದ್ದನ್ನು ಹೇಳುತ್ತವೆಯೇ ಹೊರತು ಮನೆಯನ್ನಲ್ಲ. ಒಂದೆರಡು ಚೌಕಗಳಲ್ಲಿ ಮಾತ್ರ ಎಣಿಕೆ ಒಮ್ಮೆಲೇ ಏರಿದರೆ ಮನೆಯನ್ನೋ ತಿಪ್ಪೆಯನ್ನೋ ಅಲ್ಲಿ ಹುಡುಕಬೇಕು.

ಕಾಲವನ್ನು ಗೊತ್ತುಮಾಡುವುದು

ಕಳೆದ ನೂರೈವತ್ತು ವರ್ಷಗಳ ನೆಲೆಗಳಿಗೆ ಹೆಂಚು ಬಹಳ ದೊಡ್ಡ ಸಾಕ್ಷಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾಗಿ ಮಂಗಳೂರು ಹೆಂಚು ಹೊದಿಸಿದ್ದ ಸೂರು ಅದಕ್ಕಿಂತ ಹಿಂದಿನದಾಗಲಾರದು. ಹೆಂಚಿನ ಹಿಂಬದಿಯ ಅಚ್ಚನ್ನು ಓದುವಾಗ ಎಚ್ಚರ ಬೇಕು. ಅದರಲ್ಲಿ '1865' ಎಂದಿದ್ದರೆ ಅದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹೆಂಚನ್ನು ಸುಟ್ಟ ವರ್ಷವಲ್ಲ. ಮೊದಲ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು, ಆದ್ದರಿಂದ ಆ ಹೆಸರಿನ ಹೆಂಚು ಅದಕ್ಕೂ ಈಚಿನದು. ಕುಂಬಾರರು ಮಾಡುತ್ತಿದ್ದ ಅರೆಗೊಳವೆಯಾಕಾರದ ನಾಡಹೆಂಚು ಕೆಳಗಿನ ಪದರದಲ್ಲೂ ಮಂಗಳೂರು ಹೆಂಚು ಮೇಲಿನ ಪದರದಲ್ಲೂ ಸಿಕ್ಕರೆ ಮನೆಯ ಸೂರು ಒಮ್ಮೆ ಬದಲಾಗಿತ್ತೆಂದು ತಿಳಿಯಬಹುದು.

ನಾಣ್ಯ ಕಣ್ಣಿಗೆ ಬಿದ್ದರೆ ಅದೂ ಕಾಲವನ್ನು ಬಿಗಿಗೊಳಿಸುತ್ತದೆ. ವಿಕ್ಟೋರಿಯ 'ರಾಣಿ' ಎಂದಿರುವ ನಾಣ್ಯಗಳು 1876ರವರೆಗಿನವು, 'ಸಾಮ್ರಾಜ್ಞಿ' ಎಂದಿರುವವು 1877ರಿಂದೀಚಿನವು. 'ನಯೇ ಪೈಸೆ' 1957ರಲ್ಲಿ ದಶಮಾಂಶ ಪದ್ಧತಿ ಬಂದ ಮೇಲಿನದು. ಸವೆದ ನಾಣ್ಯ ಬಹುಕಾಲ ಚಲಾವಣೆಯಲ್ಲಿದ್ದದ್ದು ಎಂಬುದನ್ನು ಮರೆಯಬಾರದು. ಗಾಜಿನ ಬಳೆಚೂರು, ಎನಾಮಲ್ ಬಟ್ಟಲು, ಗೋಲಿಸೋಡ ಬಾಟಲಿಯ ಕುತ್ತಿಗೆ ಇವು ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯದಕ್ಕೂ ಸೇರುವ ಸಾಮಾನ್ಯ ಕುರುಹುಗಳು. ಒಳಗೆ ಕಪ್ಪಗೂ ಹೊರಗೆ ಕೆಂಪಗೂ ಇರುವ ನಯವಾದ ಮಡಕೆಚೂರು ಕಂಡರೆ ವಿಷಯವೇ ಬೇರೆಯಾಗುತ್ತದೆ, ಅದು ಕಬ್ಬಿಣಯುಗದ ಬೃಹತ್ ಶಿಲಾಸಮಾಧಿಗಳ ಕಾಲದ್ದಿರಬಹುದು. ಆಗ ನಮ್ಮ ಪರಿಶೀಲನೆಯನ್ನು ಅಲ್ಲಿಗೇ ನಿಲ್ಲಿಸಿ ತಜ್ಞರಿಗೆ ತಿಳಿಸುವುದು ಸರಿ.

ಬಿಟ್ಟುಹೋದ ಕಾರಣವನ್ನೂ ನೆಲದಿಂದಲೇ ಊಹಿಸಬಹುದು. ನಿಧಾನವಾಗಿ ಬಿಟ್ಟುಹೋದ ಮನೆಯಲ್ಲಿ ತೊಲೆ, ಬಾಗಿಲು, ಇಡೀ ಹೆಂಚುಗಳು ಒಂದೂ ಇರುವುದಿಲ್ಲ. ಮರಮುಟ್ಟನ್ನೆಲ್ಲ ಬಿಚ್ಚಿ ಹೊಸಮನೆಗೆ ಒಯ್ದಿರುತ್ತಾರೆ, ಉಳಿಯುವುದು ತಳಪಾಯ, ಅಡಿಗಲ್ಲು, ಒಡಕು ಹೆಂಚು. ಪೂರ್ತಿ ಹೆಂಚುಗಳು ನೆಲದ ಮೇಲೆ ಒತ್ತೊತ್ತಾಗಿ ಬಿದ್ದಿದ್ದರೆ ಸೂರು ತಾನಾಗಿ ಕುಸಿದಿದೆ, ಬಿಚ್ಚಲು ಯಾರೂ ಬರಲಿಲ್ಲ ಎಂದಾಯಿತು. ಇಟ್ಟಿಗೆಯಂತೆ ಸುಟ್ಟ ಗೋಡೆಮಣ್ಣು ಬೆಂಕಿಯನ್ನು ಸೂಚಿಸುತ್ತದೆ. ಇದನ್ನು ಊರಿನವರ ಮಾತಿನೊಂದಿಗೂ ತಿಳಿದ ಚರಿತ್ರೆಯೊಂದಿಗೂ ಜೋಡಿಸಬೇಕು: 1876–78ರ ಧಾತು ಸಂವತ್ಸರದ ಕ್ಷಾಮ, 1898ರಿಂದ ಹರಡಿದ ಪ್ಲೇಗು, 1918ರ ಇನ್‌ಫ್ಲುಯೆಂಜ, ಮಲೆನಾಡಿನ ಮನೆಗಳನ್ನೇ ಬರಿದುಮಾಡಿದ ಮಲೇರಿಯ, 1974ರ ಭೂಸುಧಾರಣೆ, ಪಾಲು, ರಸ್ತೆಬದಿಗೆ ಸ್ಥಳಾಂತರ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ಅನೇಕ ಹಳ್ಳಿಗಳು ಮುಳುಗಿದವು. ಆ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು ಹೋಗುವವರು ಬೇಸಗೆಯಲ್ಲಿ ನೀರು ಇಳಿದಾಗ ಸುತ್ತಲಿನ ತಳಪಾಯಗಳತ್ತಲೂ ಕಣ್ಣು ಹಾಯಿಸಬೇಕು. ಅಲ್ಲಿ ಅಲೆಗಳು ಮಣ್ಣನ್ನು ತೊಳೆದು ಸಣ್ಣ ವಸ್ತುಗಳನ್ನು ಕಲಸಿರುವುದರಿಂದ ಕಲ್ಲಿನ ಗೆರೆಗಳನ್ನು ನಂಬಬಹುದು, ಚೂರುಗಳ ಜಾಗವನ್ನು ನಂಬಲಾಗದು.

ಮಣ್ಣಿನಡಿ ಉಳಿದಿರಬಹುದಾದದ್ದು

ಪುರಾತತ್ವದ ದೃಷ್ಟಿಯಿಂದ ನೆಲೆಯ ಯೋಗ್ಯತೆಯನ್ನು ಅಳೆಯುವಾಗ ಮನೆ ಎಷ್ಟು ದೊಡ್ಡದಿತ್ತು ಎಂಬುದಕ್ಕಿಂತ ನೆಲ ಎಷ್ಟು ಕದಡಿಲ್ಲ ಎಂಬುದನ್ನು ನೋಡಬೇಕು. ಕುಸಿದ ಮಣ್ಣಿನ ಗೋಡೆ ತನ್ನಡಿಯ ನೆಲವನ್ನು ಮುಚ್ಚಿ ಕಾಪಾಡುತ್ತದೆ. ಹೂಳು ತುಂಬಿದ ಬಾವಿಯ ತಳದಲ್ಲಿ ನೀರು ಬತ್ತದಿದ್ದರೆ ಮರದ ಸಾಮಾನು ಕೊಳೆಯದೆ ಉಳಿಯಬಹುದು. ತಿಪ್ಪೆ ಮತ್ತು ಹಗೇವಿನಲ್ಲಿ ಸುಟ್ಟು ಕರಿಯಾದ ರಾಗಿ, ಭತ್ತ, ಹುರುಳಿಯ ಕಾಳುಗಳು ದೊರೆಯುವ ಸಂಭವವಿದೆ. ಪಡುವಣದ ಹೆಚ್ಚು ಮಳೆಯ, ಹುಳಿ ಗುಣದ ಮಣ್ಣಿನಲ್ಲಿ ಮೂಳೆ ಬೇಗ ಕರಗುತ್ತದೆ. ಆದರೆ ಭತ್ತದ ಹುಲ್ಲಿನೊಳಗಿನ ಸಿಲಿಕದ ಸೂಕ್ಷ್ಮ ಕಣಗಳು ಅಂಥ ಮಣ್ಣಿನಲ್ಲೂ ಉಳಿಯುತ್ತವೆ, ಸೂಕ್ಷ್ಮದರ್ಶಕದಡಿ ಅವುಗಳನ್ನು ಗುರುತಿಸಬಹುದು. ಕೊಟ್ಟಿಗೆಯಿದ್ದ ಕಡೆ ಮಣ್ಣಿನ ರಂಜಕದ ಅಂಶ ಬಹುಕಾಲ ಹೆಚ್ಚಾಗಿಯೇ ಇರುತ್ತದೆ.

ಹಾನಿಯನ್ನೂ ಇದೇ ರೀತಿ ಲೆಕ್ಕಹಾಕಬೇಕು. ಕಾಫಿ ಗಿಡದ ಗುಂಡಿ ಸಾಮಾನ್ಯವಾಗಿ ಒಂದೂವರೆ ಅಡಿ ಉದ್ದಗಲ, ಅಷ್ಟೇ ಆಳ. ಅದು ನೆಲದ ಪದರವನ್ನು ತೂತುಮಾಡುತ್ತದೆ, ಆದರೆ ಗಿಡಗಳ ನಡುವಿನ ಭಾಗ ಉಳಿಯುತ್ತದೆ. ಆದ್ದರಿಂದ ಹಳೆಯ ಕಾಫಿ ತೋಟದೊಳಗಿನ ನೆಲೆಯನ್ನು ಹಾಳಾಯಿತೆಂದು ಕೈಬಿಡಬಾರದು. ಶುಂಠಿಗಾಗಿ ಜೆಸಿಬಿಯಿಂದ ಮಟ್ಟಮಾಡಿ ಪಟ್ಟೆ ಏರಿಸಿದ ಜಮೀನಿನಲ್ಲಿ ಮಾತ್ರ ಆಳದ ಬಾವಿ, ಹಗೇವುಗಳ ಹೊರತು ಬೇರೇನೂ ಉಳಿಯುವುದು ಕಷ್ಟ. ಹಳೆಮನೆಯ ಫಲವತ್ತಾದ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತೋಟಕ್ಕೆ ಸಾಗಿಸುವುದರಿಂದಲೂ ಇಷ್ಟೇ ನಷ್ಟವಾಗುತ್ತದೆ. ನಿಧಿಯಾಸೆಗೆ ಹೊಸ್ತಿಲ ಅಡಿ, ತುಳಸಿಕಟ್ಟೆ, ನಾಗರಕಲ್ಲುಗಳ ಬುಡ ತೋಡುವವರು ಮಾಡುವ ಹಾನಿಯನ್ನಂತೂ ಸರಿಪಡಿಸಲಾಗದು. ಈ ಕಾರಣದಿಂದ ನೆಲೆಯ ನಿಖರವಾದ ಜಾಗವನ್ನು ಫೇಸ್‌ಬುಕ್ಕಿನಲ್ಲಾಗಲಿ ವಾಟ್ಸಾಪ್ ಗುಂಪುಗಳಲ್ಲಾಗಲಿ ಹಾಕಬಾರದು.

ಉತ್ಖನನಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನೆಲದೊಳಗೆ ಹುದುಗಿದ್ದ ಬೆಲೆಬಾಳುವ ವಸ್ತು ಆಕಸ್ಮಿಕವಾಗಿ ಸಿಕ್ಕಿದರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ವಸ್ತುಗಳೂ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ.

ಬರೆದಿಟ್ಟ ವರದಿಯಲ್ಲಿ ನಕ್ಷೆ, ಫೋಟೊಗಳ ಪಟ್ಟಿ, ದಾಖಲೆಗಳ ನಕಲು, ಹೇಳಿಕೆಗಳು ಇವನ್ನೆಲ್ಲ ಸೇರಿಸಿ, ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯಬೇಕು. ಒಂದು ಪ್ರತಿ ಜಮೀನಿನ ಒಡೆಯರಿಗೆ, ಒಂದು ಆ ಮನೆತನದವರಿಗೆ, ಒಂದು ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಸಲ್ಲಬೇಕು. ಒಡೆಯರು ಆ ಜಾಗವನ್ನು ಮಟ್ಟಮಾಡುವ ಯೋಚನೆಯಲ್ಲಿದ್ದರೆ ಮನೆಯ ದಿಬ್ಬ, ತಿಪ್ಪೆ ಮತ್ತು ಬಾವಿಯನ್ನಾದರೂ ಬಿಟ್ಟು ಕೆಲಸ ನಡೆಸುವಂತೆ ನಕ್ಷೆ ತೋರಿಸಿ ವಿನಂತಿಸಬೇಕು. ಕೆಲವೇ ಗುಂಟೆಗಳ ಮಾತಾದ್ದರಿಂದ ಒಪ್ಪುವವರು ಸಿಗುತ್ತಾರೆ. ಒಪ್ಪದಿದ್ದರೆ ಯಂತ್ರ ಕೆಲಸ ಮಾಡುವ ದಿನ ಅಲ್ಲಿರಲು ಅನುಮತಿ ಕೇಳಿ, ಮೇಲ್ಮಣ್ಣು ತೆಗೆದಾಗೊಮ್ಮೆ, ತಳಪಾಯ ಕಂಡಾಗೊಮ್ಮೆ, ಕೆಲಸ ಮುಗಿದಾಗೊಮ್ಮೆ ಫೋಟೊ ತೆಗೆಯಬೇಕು. ಶಾಸನ, ವಿಗ್ರಹ ಅಥವಾ ನಾಣ್ಯದ ಗಡಿಗೆ ಕಂಡರೆ ಯಂತ್ರ ನಿಲ್ಲಿಸಿ ಅದೇ ದಿನ ತಹಸೀಲ್ದಾರರಿಗೆ ಬರಹದಲ್ಲಿ ತಿಳಿಸಬೇಕು.